ಎರಡು ಗೆರೆಯ ವಾಷರ್

ಬಸವಣ್ಣ ಕಾರು ತಂದು ನಿಲ್ಲಿಸಿದಾಗ ಬೆಳಗಿನ ಒಂಬತ್ತೂವರೆ ಇರಬಹುದು. ಮುಡುಕುತೊರೆ ಮಗ್ಗುಲಿನ ತನ್ನ ಊರಿನಿಂದ ಹೊರಟು, ತಿ. ನರಸೀಪುರ ದಾಟಿ, ನಂಜನಗೂಡು ಮುಟ್ಟುವಷ್ಟರಲ್ಲಿ ಏಳು ಕಡೆ ನಿಲ್ಲಿಸಿ ನೀರು ಹುಯ್ದಿದ್ದ. ಹಿಂದಿನ ಸೀಟಿನ ಕೆಳಗೆ ಎರಡು ಖಾಲಿ ಕ್ಯಾನು ಉರುಳಾಡುತ್ತಿದ್ದವು. ಬಾನೆಟ್ಟಿನ ಸಂದಿನಿಂದ ಬೆಲ್ಲದ ಪಾಕ ಸೀದಂಥ ವಾಸನೆ, ಅದರ ಹಿಂದೆಯೇ ಎಳೆ ಎಳೆಯಾಗಿ ಹಬೆ.

ಗ್ಯಾರೇಜಿನ ಮುಂದೆ ಸ್ಟೂಲು ಹಾಕಿಕೊಂಡು ಟೀ ಕುಡಿಯುತ್ತಿದ್ದ ಮಹಾದೇವಸ್ವಾಮಿ ಆ ಬಿಳಿ ಕಾರನ್ನು ಕಂಡವನೇ ಲೋಟ ಕೆಳಗಿಟ್ಟ. ಆರು ತಿಂಗಳಿಂದ ಈ ಕಾರು ಬರಲಿ ಎಂದು ಕಾದವನೂ ಅವನೇ, ಬಾರದಿದ್ದರೆ ಸಾಕಪ್ಪಾ ಅಂದುಕೊಂಡವನೂ ಅವನೇ.

"ಏನ್ ಬಾವ, ಒಂದು ಪೋನ್ ಮಾಡ್ಬಾರ್ದಾ? ನಾನೇ ಬತ್ತಿದ್ನಲ್ಲ."

"ನೀನ್ ಬಂದು ಏನ್ ಕಿಸೀತಿದ್ದೆ? ನಿನ್ ಸ್ಪ್ಯಾನರೆಲ್ಲ ತಲೆ ಮ್ಯಾಲೆ ಹೊತ್ಕೊಂಡು ಬತ್ತಿದ್ದಾ?" ಎಂದು ಬಸವಣ್ಣ ನಗಲು ನೋಡಿದ. ನಗು ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಮನುಷ್ಯ ಅರ್ಧ ಆಗಿಹೋಗಿದ್ದ. ಷರಟಿನ ಕಾಲರಿನೊಳಗೆ ಕತ್ತು ಸಡಿಲವಾಗಿ ಅಲ್ಲಾಡುತ್ತಿತ್ತು.

ಇವರಿಬ್ಬರೂ ರಕ್ತಸಂಬಂಧದವರಲ್ಲ. ಬಸವಣ್ಣನ ಹೆಂಡತಿ ಚನ್ನಾಜಮ್ಮ ಹೆಮ್ಮರಗಾಲದವಳು. ಮಹಾದೇವಸ್ವಾಮಿಯೂ ಅದೇ ಊರಿನವನು, ನಡುವೆ ಮೂರೇ ಮನೆ. ಒಡಹುಟ್ಟಿದ ಗಂಡುದಿಕ್ಕಿಲ್ಲದ ಚನ್ನಾಜಮ್ಮ ಇವನನ್ನು ಮಾದೇವಣ್ಣ ಎಂದು ಕರೆದು ಅಣ್ಣನನ್ನಾಗಿ ಮಾಡಿಕೊಂಡಿದ್ದಳು. ಮಗಳು ಶ್ವೇತಳ ಮದುವೆಯಲ್ಲಿ ಸೋದರಮಾವನ ಜಾಗಕ್ಕೆ ಯಾರು ಎಂದು ನೆಂಟರು ಗುಸುಗುಸು ಮಾಡಿದಾಗ, "ಯಾಕೆ, ನಮ್ ಮಾದೇವಣ್ಣ ಸತ್ತೋಗಿದ್ದಾನಾ?" ಎಂದು ಗದರಿ ಇವನನ್ನೇ ಕರೆದು ನಿಲ್ಲಿಸಿದ್ದಳು. ಮದುವೆಯಾದ ಎರಡೇ ವರ್ಷಕ್ಕೆ ಹೆಂಡತಿಯನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಅರವತ್ತು ಮುಟ್ಟಿದ ಮಹಾದೇವಸ್ವಾಮಿಗೆ ಲೋಕದಲ್ಲಿ ಸಂಬಂಧ ಅಂತ ಕರೆಯುವ ಒಂದು ದನಿ ಇದ್ದರೆ ಅದು ಶ್ವೇತಳ "ಮಾವ" ಅನ್ನುವ ದನಿ.

ಚನ್ನಾಜಮ್ಮ ಹೋಗಿದ್ದು ಈ ಕಾರಿನಿಂದಲೇ. ಆಷಾಢದ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತಳು. ಆಂಬುಲೆನ್ಸಿಗೆ ಕಾಯುವುದೇಕೆ, ಮನೆಯಲ್ಲೇ ಕಾರಿದೆಯಲ್ಲ ಎಂದು ಬಸವಣ್ಣ ಅವಳನ್ನು ಮಲಗಿಸಿಕೊಂಡು ಮೈಸೂರಿಗೆ ಹೊರಟ. ವರುಣದ ಹತ್ತಿರ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿ, ಬಾನೆಟ್ಟಿನಿಂದ ಹಬೆ ನುಗ್ಗಿ, ಕಾರು ನಿಂತಿತು. ಬೇರೆ ಗಾಡಿ ಸಿಕ್ಕಲು ಮುಕ್ಕಾಲು ಗಂಟೆ. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿ, "ಒಂದರ್ಧ ಗಂಟೆ ಮುಂಚೆ ತಂದಿದ್ದರೆ" ಎಂದು ಮಾತನ್ನು ಅಲ್ಲಿಗೇ ಬಿಟ್ಟರು.

ಅದಕ್ಕೆ ಎರಡು ದಿನ ಮುಂಚೆ ಕಾರಿನಡಿ ನೀರು ತೊಟ್ಟಿಕ್ಕುವುದನ್ನು ಬಸವಣ್ಣ ನೋಡಿದ್ದ. ಹಳ್ಳಿ ಕಡೆಯ ಡ್ರೈವರುಗಳೆಲ್ಲ ಮಾಡುವುದನ್ನೇ ಅವನೂ ಮಾಡಿದ್ದ. ಒಂದು ಹಿಡಿ ಅರಿಶಿನದ ಪುಡಿಯನ್ನು ನೀರಿನಲ್ಲಿ ಕದಡಿ ರೇಡಿಯೇಟರಿಗೆ ಹುಯ್ದಿದ್ದ. ಅರಿಶಿನ ಸಂದಿಯಲ್ಲಿ ಕೂತು ಉಬ್ಬಿ ಲೀಕು ಕಟ್ಟುತ್ತದೆ ಎಂದು ನಂಬಿಕೆ. ಎಷ್ಟೋ ಸಲ ಕಟ್ಟುವುದೂ ಉಂಟು. ಸ್ವಂತ ಹೊಲದ ಅರಿಶಿನ, ಚನ್ನಾಜಮ್ಮನೇ ಪುಡಿ ಮಾಡಿಸಿ ಡಬ್ಬಿಗೆ ತುಂಬಿಟ್ಟದ್ದು.

ಹನ್ನೊಂದನೆಯ ದಿನ ಶಿವಗಣಾರಾಧನೆಯ ಊಟ ಮುಗಿದು ಎಲೆ ಎತ್ತುವಾಗ ಶ್ವೇತ ಬಂದು ಎದುರು ನಿಂತಳು. ಅತ್ತು ಅತ್ತು ಮುಖ ಊದಿತ್ತು. "ಮಾವ, ನೀವು ಗಾಡಿ ಬಲ್ಲವರು. ಅರಿಶಿನ ಹಾಕಿದ್ದಕ್ಕೇ ಹಿಂಗಾಯ್ತಾ?" ಎಂದು ಕೇಳಿದಳು. ಸುತ್ತ ಹತ್ತಾರು ಜನ ಕಿವಿ ಕೊಟ್ಟಿದ್ದರು. ಕಾರು ಕೆಟ್ಟು ನಿಂತ ಮೇಲೆ ಅದರ ಬಾನೆಟ್ಟು ಕೂಡ ಎತ್ತಿ ನೋಡದಿದ್ದ ಮಹಾದೇವಸ್ವಾಮಿ, "ಹಾಕ್ಬಾರ್ದಾಗಿತ್ತು ಕೂಸು. ಟರ್ಬೋ ಗಾಡಿ. ಸಣ್ಣ ಪೈಪು ಕಟ್ಕೊಂಡ್ಬುಡ್ತದೆ" ಎಂದುಬಿಟ್ಟ. ಬಲ್ಲವನ ಬಾಯಿಂದ ಬಂದ ಮೇಲೆ ಅದು ತೀರ್ಮಾನವಾಯಿತು. ಅಂದಿನಿಂದ ಶ್ವೇತ ಅಪ್ಪನ ಸಂಗಡ ಮಾತು ಬಿಟ್ಟಳು. ಗಂಡನ ಮನೆ ತಾಂಡವಪುರದಿಂದ ಊರಿಗೆ ಒಂದು ಸಲವೂ ಬರಲಿಲ್ಲ.

"ಶ್ವೇತಂಗೆ ಏಳು ತಿಂಗ್ಳು ತುಂಬ್ತು" ಎಂದ ಬಸವಣ್ಣ, ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ. "ಚೊಚ್ಚಲು ಬಾಣಂತನ. ತವರಿಗೆ ಕರ್ಕೊಂಡ್ ಬರ್ಬೇಕಲ್ಲ. ನಮ್ಮಕ್ಕ ಮುತ್ತಮ್ಮ ಬಂದಿರ್ತೀನಿ ಅಂದವ್ಳೆ. ಆದ್ರೆ ಈ ಕಾರು ಹತ್ತಾಳಾ ಅವ್ಳು? ಹತ್ತಲ್ಲ. ಆದ್ರೂ ರೆಡಿ ಇರ್ಲಿ ಅಂತ. ನೀನು ಲೀಕು ಕಟ್ಟಿಬುಟ್ಟು, ನೀನೇ ಬಂದು ಒಂದು ಮಾತು ಯೋಳು. ಮಾವ ಅಂದ್ರೆ ಕೇಳ್ತಾಳೆ."

"ಬಾನೆಟ್ಟು ಎತ್ತು ಮೊದ್ಲು. ಇಂಜಿನ್ ಆರ್ಲಿ."

ಆರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತರು. ಎದುರಿನ ಊಟಿ ರಸ್ತೆಯಲ್ಲಿ ದೇವಸ್ಥಾನಕ್ಕೆ ಬಂದವರ ಗಾಡಿಗಳು ಹಾರ ಕಟ್ಟಿಕೊಂಡು ಹೋಗುತ್ತಿದ್ದವು.

"ಮನೇಲಿ ಅಡಿಗೆ ಹೆಂಗೆ ಬಾವ?"

"ನಾನೇ ಬೇಯಿಸ್ಕೋತೀನಿ. ಆರು ತಿಂಗ್ಳಾಯ್ತು, ಸಾರಿಗೆ ಅರಿಶಿನ ಆಕಿಲ್ಲ ಕಣಾ. ಡಬ್ಬಿ ಮುಟ್ಟಕ್ಕೆ ಕೈ ಬರಲ್ಲ. ಬೆಳ್ಳಗೆ ಸಪ್ಪಗೆ ಇರ್ತದೆ, ಕಾಯಿಲೆಯೋರ ಸಾರಿನಂಗೆ. ಅದನ್ನೇ ಉಣ್ತೀನಿ."

ಮಹಾದೇವಸ್ವಾಮಿ ಎದ್ದು ಹೋಗಿ ಇಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದ. ಮುಟ್ಟುವಷ್ಟು ಆರಿತ್ತು. ಬಸವಣ್ಣನನ್ನು ಹೊಸ ಕೂಲೆಂಟಿನ ಡಬ್ಬಿ ತರಲು ಬಸ್ ಸ್ಟ್ಯಾಂಡಿನ ಕಡೆಯ ಸ್ಪೇರ್ಸ್ ಅಂಗಡಿಗೆ ಕಳಿಸಿ, ತಾನು ಕೆಲಸಕ್ಕೆ ಬಗ್ಗಿದ.

ಟರ್ಬೋ ಅಂದರೆ ಇಂಜಿನ್ನು ಉಗುಳುವ ಬಿಸಿ ಹೊಗೆಯಿಂದಲೇ ಗಿರಗಿರ ತಿರುಗುವ ಬಸವನಹುಳುವಿನಾಕಾರದ ಒಂದು ಗಾಳಿಯಂತ್ರ. ಕೆಂಡದಂತೆ ಕಾಯುತ್ತದೆ. ಅದರ ಮೈ ತಣಿಸಲು ಕಿರುಬೆರಳಿಗಿಂತ ಸಣ್ಣ ಪೈಪಿನಲ್ಲಿ ಕೂಲೆಂಟು ಹರಿದು ಬರುತ್ತದೆ. ಪೈಪಿನ ತುದಿಯಲ್ಲೊಂದು ಬಳೆ, ಬಳೆಯೊಳಗೆ ಹಾದು ಟರ್ಬೋಗೆ ಬಿಗಿಯುವ ತೂತಿನ ಬೋಲ್ಟು, ಬಳೆಯ ಮೇಲೊಂದು ಕೆಳಗೊಂದು ತಾಮ್ರದ ವಾಷರು. ಬೋಲ್ಟು ಬಿಗಿದಾಗ ಆ ತಾಮ್ರ ರೊಟ್ಟಿ ಹಿಟ್ಟಿನಂತೆ ಅಮುಕಿಕೊಂಡು ಕೂತರೆ ಒಂದು ತೊಟ್ಟೂ ಆಚೆ ಬರುವುದಿಲ್ಲ. ಅಷ್ಟೇ ವಿದ್ಯೆ.

ಅರಿಶಿನ ಪೈಪಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ ಎಂದೇ ನಂಬಿ ಅವನು ಪೈಪು ಬಿಚ್ಚಿದ. ಬಾಯಿಟ್ಟು ಊದಿದ. ಗಾಳಿ ಸುಯ್ಯನೆ ಆಚೆ ಹೋಯಿತು. ಮತ್ತೊಮ್ಮೆ ಊದಿದ. ಸಣ್ಣ ತಂತಿಯೊಂದನ್ನು ತೂರಿಸಿದ. ಈ ಕಡೆಯಿಂದ ಆ ಕಡೆಗೆ ಎಲ್ಲೂ ತಡೆಯಿಲ್ಲದೆ ಹೋಯಿತು. ತುದಿಗೆ ಹತ್ತಿದ್ದು ಒಂದು ಚಿಟಿಕೆ ಹಳದಿ ಕೆನೆ, ಅಷ್ಟೇ. ಪೈಪು ಕಟ್ಟಿರಲಿಲ್ಲ.

ಹಾಗಾದರೆ ನೀರು ಹೋಗಿದ್ದೆಲ್ಲಿಂದ?

ಬೋಲ್ಟಿನಿಂದ ಎರಡೂ ವಾಷರುಗಳನ್ನು ಬಿಡಿಸಿಕೊಂಡು ಪೆಟ್ರೋಲಿನಲ್ಲಿ ಅದ್ದಿ ಒರೆಸಿದ. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದ. ಒಂದರ ಮೇಲೆ ಸುತ್ತಲೂ ಒಂದೇ ಗೆರೆ, ಕಂಪಾಸಿನಲ್ಲಿ ಗೀಚಿದಷ್ಟು ದುಂಡಗೆ. ಇನ್ನೊಂದರ ಮೇಲೆ ಎರಡು ಗೆರೆ. ಒಂದು ಹಳೆಯದು, ಇನ್ನೊಂದು ಹೊಸದು. ಒಂದನ್ನೊಂದು ಕತ್ತರಿಸಿಕೊಂಡು ಹೋಗಿದ್ದವು. ಕತ್ತರಿಸಿದ ಕಡೆ ನೀರು ನುಸುಳಿದ ಬಿಳಿ ಜಾಡು, ಜಾಡಿನ ತುಂಬ ಅರಿಶಿನ. ಅರಿಶಿನ ಹೋಗಿ ಕೂತಿದ್ದು ಅಲ್ಲಿ. ಕೈಲಾದಷ್ಟು ತಡೆದಿತ್ತು.

ಮಹಾದೇವಸ್ವಾಮಿ ವಾಷರನ್ನು ತಿರುಗಿಸಿ ಇನ್ನೊಮ್ಮೆ ಎಣಿಸಿದ.

ಆಷಾಢಕ್ಕೆ ಒಂದು ತಿಂಗಳು ಮುಂಚೆ ಇದೇ ಬೋಲ್ಟನ್ನು ಬಿಚ್ಚಿ ಕಟ್ಟಿದವನು ಅವನೇ. ತಾಮ್ರದ ವಾಷರನ್ನು ಎಸೆಯಬಾರದು ಎಂದು ಅವನ ಗುರುಗಳು ಕಲಿಸಿದ್ದರು. ಹಳೆಯದನ್ನು ಸ್ಟವ್ವಿನ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಗಾಜಿನ ತುಂಡಿನ ಮೇಲೆ ಮರಳು ಕಾಗದ ಹಾಸಿ ಉಜ್ಜಿದರೆ ಹಳೆ ಗೆರೆ ಮಾಯ, ಹೊಸದರಂತೆ ಕೂರುತ್ತದೆ. ಮೂವತ್ತೈದು ವರ್ಷ ಹಾಗೇ ಮಾಡಿದ್ದ, ಒಂದೂ ಸೋತಿರಲಿಲ್ಲ. ಎರಡು ಗೆರೆ ಉಳಿದಿದೆ ಅಂದರೆ ಆ ವಾಷರನ್ನು ಕಾಯಿಸಿಲ್ಲ, ಉಜ್ಜಿಲ್ಲ. ಕಲ್ಲಿನಂತೆ ಗಟ್ಟಿಯಿದ್ದುದನ್ನು ಹಾಗೇ ಹಾಕಿ ಬಿಗಿದಿದ್ದಾನೆ.

ಆ ದಿನ ನೆನಪಾಯಿತು. ಚನ್ನಾಜಮ್ಮ ಇದೇ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು. ಸ್ಟವ್ವಿನ ಮೇಲೆ ತಂತಿಗೆ ಪೋಣಿಸಿದ ವಾಷರುಗಳನ್ನು ನೋಡಿ, "ಏನ್ ಮಾದೇವಣ್ಣ, ಕೋಡುಬಳೆ ಕರೀತಿದ್ದೀಯಾ? ಈ ವಯಸ್ಸಲ್ಲಿ ಯಾವ ಹೆಣ್ಣಿಗೆ ಕಳಿಸ್ತಿ?" ಎಂದಿದ್ದಳು. ಅವನು ನಕ್ಕಿದ್ದ. ನಕ್ಕ ಭರಕ್ಕೆ ಉಜ್ಜಿ ಮುಗಿಸಿದ್ದ ವಾಷರೊಂದು ಬೆರಳಿಂದ ಜಾರಿ ಬೆಂಚಿನ ಕೆಳಗೆ ಉರುಳಿತ್ತು. ಇನ್ನೂ ನಗುತ್ತಲೇ ಬಗ್ಗಿ, ಕೈ ಹಾಕಿ, ಸಿಕ್ಕಿದ್ದನ್ನು ಎತ್ತಿಕೊಂಡಿದ್ದ.

ಈಗ ಮೊಣಕಾಲೂರಿ ಟಾರ್ಚು ಹಾಕಿ ನೋಡಿದ. ಬೆಂಚಿನ ಕೆಳಗೆ ಗ್ರೀಸು ಮೆತ್ತಿದ ಧೂಳು, ಬೋಲ್ಟಿನ ತುಂಡು, ಕಾಯಿಸದ ಹಳೆ ವಾಷರು ಎರಡೋ ಮೂರೋ. ಗೋಡೆಯ ಮೂಲೆಗೆ ಒರಗಿ ಇನ್ನೊಂದು. ಎಳೆದುಕೊಂಡು ಹೆಬ್ಬೆರಳಿನಿಂದ ಒರೆಸಿದ. ಗೆರೆಯೇ ಇಲ್ಲ. ನುಣ್ಣಗೆ, ಮಗುವಿನ ಉಂಗುರದಂತೆ ಹೊಳೆಯಿತು. ಅವತ್ತು ಕೂರಬೇಕಾಗಿದ್ದ ವಾಷರು ಅಲ್ಲಿ ಬಿದ್ದಿತ್ತು.

ಅಷ್ಟರಲ್ಲಿ ಸ್ಪೇರ್ಸ್ ಅಂಗಡಿಯಿಂದ ಬಸವಣ್ಣ ಫೋನು ಮಾಡಿದ. "ಕೂಲೆಂಟು ಕೆಂಪುದಾ ಹಸಿರುದಾ ಅಂತ ಕೇಳ್ತಾವ್ನೆ."

"ಕೆಂಪುದು. ಬಾವ, ಹಂಗೇ ಹದಿನಾಲ್ಕರ ಸೈಜಿನ ಹೊಸ ತಾಮ್ರದ ವಾಷರು ಎರಡು ತತ್ತಾ. ಪ್ಯಾಕೀಟು ಒಡೀದೇ ಇರೋದು."

"ಯಾವತ್ತೂ ಕಾಯಿಸಿ ಹಾಕೋವ್ನು, ಇವತ್ತೇನಾ ಹೊಸದು?"

"ತತ್ತಾ ಅಂದ್ನಲ್ಲ."

ಬಸವಣ್ಣ ಬಂದಾಗ ಮಹಾದೇವಸ್ವಾಮಿ ಎರಡು ಗೆರೆಯ ವಾಷರನ್ನೂ ಕೆಳಗೆ ಸಿಕ್ಕಿದ್ದನ್ನೂ ಬೆಂಚಿನ ಮೇಲೆ ಹಳೆ ಪೇಪರು ಹಾಸಿ ಇಟ್ಟಿದ್ದ. ಹೇಳದೆ ಹೊಸದನ್ನು ಹಾಕಿ ಬಿಗಿದುಬಿಟ್ಟಿದ್ದರೆ ಲೋಕಕ್ಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲವೆಂದಲ್ಲ. ಬಂದು, ಒಂದು ಗಳಿಗೆ ಪಕ್ಕದಲ್ಲೇ ಕೂತು, ಬೆಳ್ಳಗಿನ ಆ ಸಾರಿನ ನೆನಪಾದ ಕೂಡಲೇ ಎದ್ದು ಹೋಗಿತ್ತು.

ಒಂದೊಂದೇ ಮಾತಾಗಿ ಹೇಳಿದ. ಪೈಪು ಊದಿದ್ದು, ತಂತಿ ಹೋಗಿದ್ದು, ಎರಡು ಗೆರೆ, ಬೆಂಚಿನ ಕೆಳಗೆ ಸಿಕ್ಕಿದ್ದು. ಬಸವಣ್ಣ ಎರಡು ಗೆರೆಯ ವಾಷರನ್ನು ಎತ್ತಿಕೊಂಡು ಉಗುರಿನಿಂದ ಸವರಿ ನೋಡಿದ. ಕೆಳಗಿಟ್ಟ. ರಸ್ತೆಯ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಎರಡು ಬಸ್ಸು, ಒಂದು ಕಬ್ಬಿನ ಲಾರಿ ಹೋದವು. ಹಿಂದಿರುಗಿ ಬಂದವನ ಕಣ್ಣು ಕೆಂಪಗಿದ್ದವು.

"ಹಂಗಾರೆ ನನ್ ಅರಿಶಿನ?"

"ಅದು ಇಲ್ದೇ ಇದ್ದಿದ್ರೆ ನೀನು ನರಸೀಪುರ ದಾಟ್ತಿರ್ಲಿಲ್ಲ ಬಾವ. ವರುಣದ ಗಂಟ ಹೋದದ್ದೇ ಅದ್ರಿಂದ."

ಬಸವಣ್ಣ ಬೆಂಚಿನ ಮೇಲೆ ಕುಸಿದ. "ಲೋ ಮಾದೇವ, ಲೋ ಮಾದೇವ" ಎಂದು ಎರಡು ಸಲ ಅಂದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಮಹಾದೇವಸ್ವಾಮಿ ಕಾದ. ಹೊಡೆದಿದ್ದರೆ ಚೆನ್ನಾಗಿತ್ತು. ಬಸವಣ್ಣ ಮುಖ ಒರೆಸಿಕೊಂಡು ಬೇರೆಯೇ ಮಾತಾಡಿದ.

"ಕೂಸಿಗೆ ಯೋಳ್ಬೇಡ."

"ಬಾವ!"

"ಯೋಳ್ಬೇಡ ಅಂದ್ರೆ ಯೋಳ್ಬೇಡ. ನಾನು ಅಪ್ಪ. ಇವತ್ತಲ್ಲ ನಾಳೆ, ಮಗು ಮಕ ನೋಡಿ ನನ್ ಮಕ ನೋಡ್ತಾಳೆ. ಎಲ್ಲಿಗೆ ಓಯ್ತಾಳೆ? ನಿನ್ ಬಾಬ್ತು ಹಂಗಲ್ಲ ಕಣಯ್ಯಾ. ನಿಂಗೂ ಅವ್ಳಿಗೂ ನಡುವೆ ಇದ್ದದ್ದು ನಮ್ಮೋಳ ಬಾಯಿಮಾತು ಒಂದೇ. ಅದು ಹರಿದ್ರೆ ಹರೀತು. ಅವ್ಳಿಗೆ ಅವ್ವನ ಕಡೆ ಅಂತ ಇನ್ಯಾರವ್ರೆ?"

ಮಹಾದೇವಸ್ವಾಮಿ ಹೊಸ ವಾಷರಿನ ಪ್ಯಾಕೀಟು ಹರಿದು, ಬಳೆಯ ಮೇಲೊಂದು ಕೆಳಗೊಂದು ಇಟ್ಟು, ಬೋಲ್ಟನ್ನು ಮೊದಲು ಬೆರಳಿನಲ್ಲೇ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಬಿಗಿದ. ಇಷ್ಟು ನಿಧಾನವಾಗಿ ಒಂದು ಬೋಲ್ಟನ್ನು ಅವನು ಜೀವಮಾನದಲ್ಲಿ ಬಿಗಿದಿರಲಿಲ್ಲ. ಹಳೆ ನೀರೆಲ್ಲ ಬಿಟ್ಟು, ತೊಳೆದು, ಕೂಲೆಂಟು ತುಂಬಿ, ಇಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟ. ಕಾಗದದ ತುಂಡನ್ನು ಬೋಲ್ಟಿನ ಸುತ್ತ ಒತ್ತಿ ಒತ್ತಿ ನೋಡಿದ. ಕಾಗದ ಒಣಗಿಯೇ ಇತ್ತು.

ಆಮೇಲೆ ಕೈ ತೊಳೆದು, ಸ್ಪೇರ್ ಪಾರ್ಟಿನ ಬೀರುವಿನಿಂದ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದ. ಹಸಿರು ಸೀರೆ. ಬಾಣಂತನಕ್ಕೆ ತವರಿಗೆ ಹೊರಡುವ ಹೆಣ್ಣಿಗೆ ಸೋದರಮಾವ ಹಸಿರು ಸೀರೆ ಉಡಿಸಬೇಕೆಂಬುದು ಚನ್ನಾಜಮ್ಮನ ಮನೆಯ ರೂಢಿ. ಶ್ವೇತ ಬಸುರಿ ಎಂದು ತಿಳಿದ ವಾರವೇ ತಂದಿಟ್ಟಿದ್ದ.

"ನಡಿ ಬಾವ, ತಾಂಡವಪುರಕ್ಕೆ. ಗಾಡಿ ಟ್ರಯಲ್ಲೂ ಆಯ್ತದೆ."

"ಮಾದೇವ, ನಾನು ಯೋಳಿದ್ದು..."

"ಕೇಳಿಸ್ತು. ನಡಿ."

ದಾರಿಯಲ್ಲಿ ಬಿಸಿಯ ಮುಳ್ಳು ಅರ್ಧಕ್ಕಿಂತ ಮೇಲೇಳಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಹೋದರು.

ಶ್ವೇತಳ ಮನೆ ಮುಂದಿನ ಹೊಂಗೆಯ ನೆರಳಲ್ಲಿ ಕಾರು ನಿಂತಿತು. ಬಸವಣ್ಣ ಇಳಿಯಲಿಲ್ಲ, ಇಳಿಯುವ ಧೈರ್ಯ ಆರು ತಿಂಗಳಲ್ಲಿ ಹೋಗಿಬಿಟ್ಟಿತ್ತು. ಹೊರಗೆ ಬಂದ ಶ್ವೇತ ಕಾರು ಕಂಡು ಹೊಸ್ತಿಲಲ್ಲೇ ನಿಂತಳು. ತುಂಬು ಹೊಟ್ಟೆ, ಕಣ್ಣ ಕೆಳಗೆ ಕಪ್ಪು. ಥೇಟು ಅವ್ವನ ನಿಲುವು, ಒಂದು ಕೈ ಸೊಂಟದ ಮೇಲೆ.

"ಬನ್ನಿ ಮಾವ. ನೀವೊಬ್ರೇ ಬನ್ನಿ."

ಮಹಾದೇವಸ್ವಾಮಿ ಸೀರೆಯ ಪೊಟ್ಟಣವನ್ನು ಜಗುಲಿಯ ಮೇಲಿಟ್ಟ. ಕೂರಲಿಲ್ಲ. ಜೇಬಿನಿಂದ ಎರಡು ಗೆರೆಯ ವಾಷರು ತೆಗೆದು ಅಂಗೈ ಮೇಲೆ ಚಾಚಿದ.

"ಇದ್ನ ನೋಡು ಕೂಸು. ನಿಮ್ಮಪ್ಪನ ಅರಿಶಿನ ಅಲ್ಲ. ಇದು. ನಾನು ಹಾಕಿದ್ದು."

ನಿಂತೇ ಹೇಳಿದ. ಅವಳು ನಿಂತೇ ಕೇಳಿದಳು. ಹೇಳುವಾಗ ಗ್ಯಾರೇಜಿನಲ್ಲಿ ಬಾರದ ಅಳು ಇಲ್ಲಿ ಬಂತು, ಆದರೆ ಮಾತು ನಿಲ್ಲಿಸಲಿಲ್ಲ. ಕೋಡುಬಳೆಯ ಮಾತನ್ನೂ ಬಿಡಲಿಲ್ಲ.

ಶ್ವೇತ ವಾಷರನ್ನು ಮುಟ್ಟಲಿಲ್ಲ. "ನಿಮಗೆ ಯಾವಾಗ ಗೊತ್ತಾಯ್ತು?"

"ಇವತ್ತು. ಹನ್ನೊಂದು ಗಂಟೆಗೆ."

"ಆರಾಧನೆ ದಿವಸ ನಾನು ಕೇಳ್ದಾಗ ಕಾರು ನೋಡಿದ್ರಾ?"

"ಇಲ್ಲ."

"ನೋಡ್ದೇನೇ ಹೇಳಿದ್ರಾ?"

"ನೋಡ್ದೇನೇ."

ಅವಳು ಕಾರಿನ ಕಡೆ ನೋಡಿದಳು. ಗಾಜಿನ ಹಿಂದೆ ಬಸವಣ್ಣ ತಲೆ ತಗ್ಗಿಸಿ ಸ್ಟೇರಿಂಗು ಹಿಡಿದು ಕೂತಿದ್ದ, ತೀರ್ಪಿಗೆ ಕಾದವನ ಹಾಗೆ.

"ಕೈ ತಪ್ಪೋದು ಯಾರ್ಗಾದ್ರೂ ತಪ್ತದೆ" ಎಂದಳು ಕೊನೆಗೆ. ದನಿ ಎತ್ತರಿಸಲಿಲ್ಲ. "ಅಮ್ಮನೇ ನಗಿಸಿದ್ದಕ್ಕೆ ತಪ್ಪಿತು ಅಂತೀರಿ, ನಾನು ಏನು ಹೇಳ್ಲಿ. ಆದ್ರೆ ನಾನು ಕೇಳಿದ್ದು ನಿಮ್ಮನ್ನ. ಇನ್ಯಾರನ್ನೂ ಕೇಳ್ಲಿಲ್ಲ. ಅಪ್ಪ ಎರಡು ಸಲ ಬಾಗಿಲಿಗೆ ಬಂದು ಕೂತಿದ್ರು. ಒಂದು ಲೋಟ ನೀರು ಕೊಡ್ಲಿಲ್ಲ ನಾನು."

ಒಳಗೆ ತಿರುಗಿ, "ಅತ್ತೆ, ಅಪ್ಪನ ಜೊತೆ ಊರಿಗೆ ಹೋಗ್ತೀನಿ" ಎಂದು ಕೂಗಿ ಹೇಳಿ ಹೋದಳು. ಚೀಲ ಹಿಡಿದು ಬಂದಾಗ ಹಣೆಯಲ್ಲಿ ಹೊಸ ಕುಂಕುಮವಿತ್ತು. ಜಗುಲಿಯ ಮೇಲಿನ ಪೊಟ್ಟಣ ಎತ್ತಿಕೊಂಡಳು. ಮಹಾದೇವಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ. ಪೇಪರಿನ ಮಡಿಕೆ ತೆರೆದು ಹಸಿರು ನೋಡಿ, ಮತ್ತೆ ಹಾಗೇ ಮಡಿಚಿ, ಅವನ ಕೈಗಿಟ್ಟಳು.

"ಇದು ಸೋದರಮಾವ ಕೊಡೋದು. ನೀವಿಟ್ಕೊಳ್ಳಿ, ಮಾದೇವಸ್ವಾಮಿಯೋರೆ."

ಮೆಟ್ಟಿಲಿಳಿದು ಹೋಗಿ ಕಾರಿನ ಮುಂದಿನ ಬಾಗಿಲು ತೆರೆದು ಅಪ್ಪನ ಪಕ್ಕ ಕೂತಳು. ಬಸವಣ್ಣ ಮಗಳನ್ನು ನೋಡಿದ. ಜಗುಲಿಯ ಕಡೆ ನೋಡಿದ. ಬಾ ಎಂದು ಕರೆಯಲು ಕೈ ಎತ್ತಿದವನು ಮಗಳ ಮುಖ ನೋಡಿ ಆ ಕೈಯನ್ನು ಗೇರಿನ ಮೇಲಿಟ್ಟ. ಎಲ್ಲಿ ಇಳಿದುಬಿಡುತ್ತಾಳೋ ಎಂಬ ಹೆದರಿಕೆ. ಕಾರು ತಿರುಗಿಕೊಂಡು ನಂಜನಗೂಡಿನ ಕಡೆ ಹೋಯಿತು.

ಮಹಾದೇವಸ್ವಾಮಿ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದ. ಬಸ್ಸಿಗೆ ರಸ್ತೆಯವರೆಗೆ ನಡೆಯಬೇಕು. ಹೊಂಗೆಯ ನೆರಳು ದಾಟುವಾಗ, ಮೂವತ್ತೈದು ವರ್ಷದ ಅಭ್ಯಾಸ, ಕಾರು ನಿಂತಿದ್ದ ಜಾಗದಲ್ಲಿ ಕಾಲು ತಾನಾಗಿ ನಿಂತಿತು. ಬಗ್ಗಿ ಅಂಗೈಯಿಂದ ಮಣ್ಣು ಮುಟ್ಟಿ ನೋಡಿದ. ಎಲ್ಲೂ ಒಂದು ತೊಟ್ಟು ಬಿದ್ದಿರಲಿಲ್ಲ.